ಕಲಬುರಗಿಯಿಂದ ಕಡಲ ದಂಡೆಗೆ: ಮೂರು ರಾತ್ರಿಯ ಗಾಲ್ಫ್ ಪ್ರವಾಸ

ರೂಮು ಬುಕ್ ಮಾಡಿದ ಮೇಲೆ ಕೋರ್ಸಿಗೆ ಫೋನ್ ಹಚ್ಚುವವರೇ ಬಹಳ. ಆಗ ಉಳಿದಿರುವುದು ಹತ್ತೂವರೆ, ಹನ್ನೊಂದರ ಟೀ ಟೈಮ್, ಅಂದರೆ ಆಟ ಶುರು ಮಾಡುವ ಸರದಿ. ಕಡಲ ದಂಡೆಯಲ್ಲಿ ಅದು ಆಟದ ಹೊತ್ತೇ ಅಲ್ಲ. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಸಮುದ್ರದ ಗಾಳಿ ಒಳಗೆ ನುಗ್ಗುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ಹಾಗಾಗಿ ಮೊದಲು ಬೆಳಗಿನ ಟೀ ಟೈಮ್ ಹಿಡಿಯಿರಿ, ಆಮೇಲೆ ರೂಮು, ಕೊನೆಗೆ ಟಿಕೆಟ್.

ನಮ್ಮ ಕಡೆಯವರಿಗೆ ಅನುಕೂಲ ದಕ್ಷಿಣ ಗೋವಾದ ಕಾಣಕೋಣ. ಅಲ್ಲಿನ ರಾಜ್‌ಬಾಗ್ ದಂಡೆಯಲ್ಲಿ, ತಾಳ್ಪೋಣ ನದಿ ಸಮುದ್ರ ಸೇರುವಲ್ಲಿ, ಲಲಿತ್ ರೆಸಾರ್ಟಿನ 9 ಹೋಲ್‌ಗಳ ಕೋರ್ಸ್ ಇದೆ. ಒಂದು ಹೋಲ್ ಎಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಆಟ; ಪೂರ್ತಿ 18 ಆಡಬೇಕೆಂದರೆ ಅದನ್ನೇ ಎರಡು ಸುತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕ್ರಿಸ್‌ಮಸ್ ವಾರದಲ್ಲಿ ರೂಮು ಕೈಗೆಟುಕುವುದಿಲ್ಲ, ಮಾರ್ಚ್‌ನಲ್ಲಿ ನಮ್ಮ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಅಲ್ಲಿ ಸೆಕೆ ಶುರು. ಜನವರಿ ಎರಡನೇ ವಾರದಿಂದ ಫೆಬ್ರವರಿ ಕೊನೆಯವರೆಗೆ ಹೋಗುವುದೇ ಸರಿ.

ಫೋನಿನಲ್ಲಿ ಕೇಳಬೇಕಾದ್ದು: ಉಳಿದುಕೊಳ್ಳುವವರಿಗೆ ಗ್ರೀನ್ ಫೀ (ಆಡುವ ಶುಲ್ಕ) ಎಷ್ಟು, ಹೊರಗಿನವರಿಗೆ ಎಷ್ಟು, ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ) ಕಡ್ಡಾಯವೇ, ಕ್ಲಬ್‌ಗಳ, ಅಂದರೆ ಹೊಡೆಯುವ ಕೋಲುಗಳ, ಬಾಡಿಗೆ ಸೆಟ್ ಇದೆಯೇ, ಎಡಗೈಯವರಿಗೂ ಇದೆಯೇ. ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಆ ವಾರ ಗ್ರೀನ್‌ಗಳಿಗೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ತೂತು ಹೊಡೆದು ಮರಳು ಹಾಕುತ್ತಾರೆಯೇ? ಹಾಕಿದ್ದರೆ ಚೆಂಡು ಪುಟಿಯುತ್ತ ನಿಧಾನ ಓಡುತ್ತದೆ, ಮೂರಡಿಯಿಂದ ಮೆಲ್ಲಗೆ ಉರುಳಿಸುವ ಪಟ್ ಕೂಡ ಕುಳಿಯ ಅಂಚಿನಲ್ಲಿ ತಪ್ಪುತ್ತದೆ. ಹೌದು ಅಂದರೆ ವಾರ ಬದಲಿಸಿ.

ಹೋಗುವ ದಾರಿ ಎರಡು. ಕಾರಿನಲ್ಲಾದರೆ ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಕಾರವಾರ ದಾಟಿ ಸುಮಾರು 550 ಕಿ.ಮೀ. ನಿಲ್ಲುತ್ತ ಹೋದರೆ ಹನ್ನೆರಡು ತಾಸು. ನಸುಕಿನ ನಾಲ್ಕಕ್ಕೆ ಬಿಟ್ಟರೆ ಅರಬೈಲ್ ಘಾಟಿಯನ್ನು ಬೆಳಕಿರುವಾಗಲೇ ಇಳಿಯಬಹುದು. ಸೆಡಾನ್ ಡಿಕ್ಕಿಯಲ್ಲಿ ಎರಡು ಗಾಲ್ಫ್ ಬ್ಯಾಗ್ ಹಿಡಿದರೆ ಹೆಚ್ಚು. ನಾಲ್ಕು ಜನ ಹೊರಟರೆ ಇನೋವಾ ಬೇಕು, ಅದರ ಕೊನೆಯ ಸಾಲಿನ ಸೀಟು ಮಡಚಬೇಕು. ಬೀದರ್, ಯಾದಗಿರಿಯವರಿಗೆ ಹೈದರಾಬಾದ್‌ನಿಂದ ವಿಮಾನ ಹಗುರ. ಟಿಕೆಟ್ ತೆಗೆಯುವಾಗ ಮಾತ್ರ ಇಳಿಯುವ ಊರು ನೋಡಿಕೊಳ್ಳಿ: ಗೋವಾಕ್ಕೆ ಈಗ ಎರಡು ವಿಮಾನ ನಿಲ್ದಾಣ. ಮೋಪಾ ಉತ್ತರದ ತುದಿಯಲ್ಲಿದೆ; ಅಗ್ಗವೆಂದು ಅಲ್ಲಿ ಇಳಿದರೆ ಉಳಿಸಿದ್ದೆಲ್ಲ ಟ್ಯಾಕ್ಸಿಗೆ ಹೋಗುತ್ತದೆ. ದಾಬೋಳಿಯೇ ಹತ್ತಿರ.

ಹದಿನಾಲ್ಕು ಕ್ಲಬ್ ಹೊರಬೇಡಿ. ಪೂರ್ತಿ ಸೆಟ್, ಬ್ಯಾಗ್, ಮೇಲಿನ ಕವರ್ ಸೇರಿದರೆ 15 ಕಿಲೋ ಹತ್ತಿರ ಬರುತ್ತದೆ. ದೇಶದೊಳಗಿನ ಎಕಾನಮಿ ಟಿಕೆಟ್ಟಿಗೆ ಸಾಮಾನ್ಯವಾಗಿ ಸಿಗುವ ಉಚಿತ ತೂಕ ಅಷ್ಟೇ. ಬಟ್ಟೆಬರೆಗೆ ಬೇರೆ ದುಡ್ಡು ಕಟ್ಟಬೇಕಾಗುತ್ತದೆ. ದೂರಕ್ಕೆ ಒಂದು ಹೈಬ್ರಿಡ್, ನಡುವಿನ ದೂರಕ್ಕೆ 5ರಿಂದ 9ರವರೆಗಿನ ಐರನ್ (ನಂಬರ್ ಹೆಚ್ಚಿದಷ್ಟೂ ದೂರ ಕಡಿಮೆ), ಹತ್ತಿರದ ಹೊಡೆತಕ್ಕೆ ಎರಡು ವೆಜ್, ಗ್ರೀನ್ ಮೇಲೆ ಪಟ್ಟರ್. ಒಂಬತ್ತು ಸಾಕು. ಅತಿ ದೂರ ಹೊಡೆಯುವ ಡ್ರೈವರ್ ಕ್ಲಬ್ ಬಿಟ್ಟು ಹೋಗಲು ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ಗಾಳಿಗೆ ಚೆಂಡನ್ನು ಅತಿ ದೂರ ಅಡ್ಡ ಒಯ್ಯುವುದು ಅದೇ. ಕೈಗವಸು ಮೂರು ಇರಲಿ: ಇಲ್ಲಿನ ಒಣ ಹವೆಯಲ್ಲಿ ಒಂದು ವರ್ಷ ಬರುವುದು ಅಲ್ಲಿ ಆರು ಹೋಲಿಗೇ ಬೆವರಿನಲ್ಲಿ ತೊಯ್ದು ಜಾರುತ್ತದೆ. ಕಾಲರ್ ಇರುವ ಟೀ ಶರ್ಟ್ ಹಾಕಿ, ಜೀನ್ಸ್ ಬೇಡ.

ಏಳರ ಟೀ ಟೈಮ್ ಹಿಡಿದರೆ ಎರಡು ಸುತ್ತು ಹನ್ನೊಂದಕ್ಕೆ ಮುಗಿಯುತ್ತವೆ. ಅಷ್ಟು ಬೇಗ ರೆಸಾರ್ಟಿನ ನಾಷ್ಟಾ ಸಿಗದಿದ್ದರೂ ಚಿಂತೆಯಿಲ್ಲ, ನಮ್ಮ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬ್ಯಾಗಿನ ಜೇಬಿನಲ್ಲಿ ಮೂರು ದಿನವೂ ಕೆಡುವುದಿಲ್ಲ.

ಹೈದರಾಬಾದ್‌ನ ಗಾಲ್ಫ್ ಕೋರ್ಸ್‌ಗಳಾದ ನಯಾ ಕಿಲಾದಲ್ಲೋ ಬೌಲ್ಡರ್ ಹಿಲ್ಸ್‌ನಲ್ಲೋ ಅಳೆದುಕೊಂಡ ನಿಮ್ಮ ಹೊಡೆತದ ದೂರ ಕಡಲ ದಂಡೆಯಲ್ಲಿ ಕೊಂಚ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ ಗಾಳಿ ದಟ್ಟ. 150 ಗಜಕ್ಕೆ ಎರಡು ಮೂರು ಗಜ ಖೋತಾ. ಅದು ದೊಡ್ಡ ಮಾತಲ್ಲ. ಎದುರುಗಾಳಿಯದ್ದೇ ನಿಜವಾದ ಲೆಕ್ಕ: ಗಂಟೆಗೆ 16 ಕಿ.ಮೀ. ವೇಗದಲ್ಲಿ ಬೀಸಿದರೆ 150 ಗಜವನ್ನು 165 ಎಂದು ಹಿಡಿಯಬೇಕು. ಹಿಂದಿನಿಂದ ಬೀಸಿದರೆ ಲಾಭ ಅದರ ಅರ್ಧದಷ್ಟೇ. ಎದುರುಗಾಳಿಗೆ ಜೋರಾಗಿ ಹೊಡೆದರೆ ಚೆಂಡಿಗೆ ತಿರುಗು ಹೆಚ್ಚುತ್ತದೆ, ಗಾಳಿಪಟದಂತೆ ಮೇಲೇರಿ ಅಲ್ಲೇ ಬೀಳುತ್ತದೆ. ಒಂದೆರಡು ನಂಬರ್ ಕಡಿಮೆಯ, ಅಂದರೆ ಹೆಚ್ಚು ದೂರ ಹೊಡೆಯುವ ಕ್ಲಬ್ ತೆಗೆದುಕೊಳ್ಳಿ, ಹಿಡಿಯನ್ನು ಒಂದಿಂಚು ಕೆಳಗೆ ಹಿಡಿಯಿರಿ, ಚೆಂಡನ್ನು ಹಿಂದಿನ ಕಾಲಿನ ಕಡೆ ಒಂದು ಚೆಂಡಿನಷ್ಟು ಸರಿಸಿ, ಮುಕ್ಕಾಲು ಸ್ವಿಂಗ್‌ಗೆ ನಿಲ್ಲಿಸಿ. ಚೆಂಡು ಕಳೆದರೆ ಹುಡುಕಲು ಮೂರೇ ನಿಮಿಷ. 2019ರ ಮೊದಲು ಐದು ಇತ್ತು. ಹಳಬರು ಇನ್ನೂ ಅದನ್ನೇ ಹೇಳುತ್ತಾರೆ.

ಕೊನೆಯ ಸುತ್ತಾದ ಮೇಲೆ ಕ್ಲಬ್‌ಗಳನ್ನು ಹಾಗೇ ಬ್ಯಾಗಿಗೆ ತುರುಕಬೇಡಿ. ಕಡಲ ಗಾಳಿಯ ಉಪ್ಪು ಕಬ್ಬಿಣಕ್ಕೆ ಅಂಟಿರುತ್ತದೆ. ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ರೂಮಿನ ಫ್ಯಾನಿನ ಕೆಳಗೆ ಅರ್ಧ ತಾಸು ಇಟ್ಟು ಆಮೇಲೆ ಕವರ್ ಹಾಕಿ. ವೆಜ್‌ಗಳ ಗೀರುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ; ತುಕ್ಕು ಮೊದಲು ಹಿಡಿಯುವುದು ಅಲ್ಲೇ.