ಯೂಟೂ ಹೊಸ ಆಲ್ಬಂ: ಜಗಳಕ್ಕೆ ಕೂರುವ ಮುಂಚೆ ಕೇಳುವ ಕ್ರಮ

ಐರ್ಲೆಂಡಿನ ರಾಕ್ ತಂಡ ಯೂಟೂದ (U2) ಹೊಸ ಆಲ್ಬಂ ಬಂತೆಂದರೆ ಚಿಕ್ಕಮಗಳೂರಿನಂಥ ಊರಲ್ಲೂ ಇರುವ ನಾಲ್ಕೈದು ಅಭಿಮಾನಿಗಳು ಎರಡು ಪಕ್ಷ ಆಗುತ್ತಾರೆ. "ಇದು ಯೂಟೂನೇ ಅಲ್ಲ ಕಣಣ್ಣ" ಅಂತ ಒಬ್ಬ, "ಇನ್ನೊಂದ್ ಸಲ ಕೇಳೋ, ಆಮೇಲೆ ಮಾತಾಡು" ಅಂತ ಇನ್ನೊಬ್ಬ. ಡಬ್ಲಿನ್ನಿನಲ್ಲಿ 1976ರಲ್ಲಿ ಶಾಲಾ ಹುಡುಗರಾಗಿ ಕೂಡಿಕೊಂಡ ಈ ತಂಡ ಸದ್ದು ಬದಲಿಸಿದಾಗೆಲ್ಲ ಇದೇ ಕತೆ. ಜಗಳ ಆಗಲಿ, ಆದರೆ ಇಡೀ ಆಲ್ಬಂ ಸರಿಯಾಗಿ ಕಿವಿಗೆ ಬಿದ್ದ ಮೇಲೆ ಆಗಲಿ. ಮೂರರಿಂದ ಐದು ಜನ ಒಂದು ಮನೆಯಲ್ಲಿ ಕೂತು ಕೇಳುವ ಕ್ರಮ ಇಲ್ಲಿದೆ.

ಕ್ರಮ ಕಾಫಿಯವರದ್ದು. ಕಪ್ಪಿಂಗ್, ಅಂದರೆ ಕಾಫಿಯ ರುಚಿ ನೋಡಿ ಅಂಕ ಕೊಡುವುದನ್ನು, ನೋಡಿದವರಿಗೆ ಗೊತ್ತು: 150 ಎಂಎಲ್ ನೀರಿಗೆ 8.25 ಗ್ರಾಂ ಪುಡಿ, ನಾಲ್ಕು ನಿಮಿಷ ಬಿಟ್ಟು ಮೇಲೆ ಕಟ್ಟಿದ ಪದರ ಒಡೆಯುವುದು, ಬಿಸಿ ಇದ್ದಾಗ ಒಮ್ಮೆ, ಆರುತ್ತ ಬಂದ ಹಾಗೆ ಮತ್ತೆ ಮತ್ತೆ ಚಮಚದಿಂದ ಸೊರ್ ಎಂದು ಎಳೆಯುವುದು. ಅಂಕ ಬರೆಯುವ ತನಕ ಯಾರೂ ಬಾಯಿ ಬಿಡಬಾರದು. ಹಿರಿಯರೊಬ್ಬರು "ಹುಳಿ ಜಾಸ್ತಿ" ಅಂದುಬಿಟ್ಟರೆ ಉಳಿದವರ ನಾಲಿಗೆಗೂ ಹುಳಿಯೇ ಸಿಗುತ್ತದೆ. ಆಲ್ಬಮ್ಮಿಗೂ ಇದೇ ರೋಗ.

ಹಿಂದಿನ ದಿನದ ಕೆಲಸ

ಹಾಡುಗಳನ್ನು ಹಿಂದಿನ ರಾತ್ರಿಯೇ ವೈಫೈನಲ್ಲಿ ಡೌನ್‌ಲೋಡ್ ಮಾಡಿಡಿ. ಮೂಡಿಗೆರೆ, ಕೊಪ್ಪದ ಕಡೆ ಮಳೆ ಹಿಡಿದರೆ ಸಿಗ್ನಲ್ ನಂಬುವ ಹಾಗಿಲ್ಲ. ಸಿಗ್ನಲ್ ಕುಗ್ಗಿದಾಗ ಆ್ಯಪ್ ತಾನಾಗಿಯೇ ಗುಣಮಟ್ಟ ಇಳಿಸುತ್ತದೆ, ಸಿಂಬಲ್ ಸದ್ದು ನೀರಲ್ಲಿ ಅದ್ದಿದ ಹಾಗೆ ಬರುತ್ತದೆ. ಆಮೇಲೆ ಬೈಸಿಕೊಳ್ಳುವವರು ಬ್ಯಾಂಡಿನವರು. 320 ಕೆಬಿಪಿಎಸ್‌ನಲ್ಲಿ 50 ನಿಮಿಷದ ಆಲ್ಬಂ ಸುಮಾರು 120 ಎಂಬಿ, ಸದ್ದನ್ನು ಒಂದಿಷ್ಟೂ ಕತ್ತರಿಸದ ಲಾಸ್‌ಲೆಸ್ ಆದರೆ ಹೆಚ್ಚುಕಡಿಮೆ 300 ಎಂಬಿ.

ಸೆಟ್ಟಿಂಗ್ಸ್‌ನಲ್ಲಿ ಶಫಲ್, ಕ್ರಾಸ್‌ಫೇಡ್, ಈಕ್ವಲೈಜರ್ ಮೂರನ್ನೂ ಆಫ್ ಮಾಡಿ. ಕ್ರಾಸ್‌ಫೇಡ್ ಆನ್ ಇದ್ದರೆ ಒಂದು ಹಾಡಿನ ಬಾಲ ಮುಂದಿನ ಹಾಡಿನ ತಲೆಗೆ ಸುತ್ತಿಕೊಳ್ಳುತ್ತದೆ. ಹಾಡುಗಳ ನಡುವೆ ಎಷ್ಟು ಮೌನ ಬಿಡಬೇಕೆಂದು ಯೋಚಿಸಿ ಇಟ್ಟವರ ಕೆಲಸ ಅಲ್ಲಿಗೆ ಮಣ್ಣುಪಾಲು.

ಕೋಣೆ

ಸ್ಪೀಕರ್ ಎರಡರ ನಡುವೆ ಆರು ಅಡಿ, ಕೂರುವ ಜಾಗಕ್ಕೂ ಎರಡರಿಂದಲೂ ಅಷ್ಟೇ ದೂರ. ಸ್ಪೀಕರಿನ ಚಿಕ್ಕ ಟ್ವೀಟರ್ (ತಾರ ಸದ್ದು ಹೊರಡುವ ಭಾಗ) ಕಿವಿಯ ಎತ್ತರಕ್ಕೆ ಬರಲಿ. ಗೋಡೆಯಿಂದ ಕನಿಷ್ಠ ಒಂದಡಿ ಮುಂದೆ ಇರಲಿ, ಮೂಲೆಗಂತೂ ತಳ್ಳಲೇಬೇಡಿ. ಮೂಲೆಯಲ್ಲಿಟ್ಟ ಸ್ಪೀಕರಿನಲ್ಲಿ ಆಡಮ್ ಕ್ಲೇಟನ್‌ನ ಬೇಸ್ ಊದಿಕೊಂಡು ಗಾಯಕ ಬೋನೋನ ದನಿಯನ್ನು ಮುಚ್ಚುತ್ತದೆ. "ಮಿಕ್ಸ್ ಸರಿಯಿಲ್ಲ, ಎಲ್ಲ ಕಲಸುಮೇಲೋಗರ" ಅನ್ನುವ ದೂರು ಬಂದರೆ ಮೊದಲು ಸ್ಪೀಕರ್ ಎಲ್ಲಿದೆ ನೋಡಿ.

ಮಲೆನಾಡಿನ ಹಳೇ ಮನೆಯ ರೆಡ್ ಆಕ್ಸೈಡ್ ನೆಲ, ಬರಿಯ ಗೋಡೆ ನೋಡಲು ಚೆಂದ, ಕೇಳಲು ಕಷ್ಟ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟಣ್ಣೆಂದು ಬಾಲ ಎಳೆದರೆ ಸ್ಪೀಕರಿಗೂ ನಿಮಗೂ ನಡುವೆ ಜಮಖಾನ ಹಾಸಿ, ಹಿಂದಿನ ಗೋಡೆಗೆ ದಪ್ಪ ಕಂಬಳಿ ತೂಗುಹಾಕಿ, ಮತ್ತೆ ತಟ್ಟಿ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಸೂರಿನ ಕೆಳಗೆ ಸ್ಪೀಕರಿನಲ್ಲಿ ಕೇಳುವ ಆಸೆ ಬಿಟ್ಟು ಇಯರ್‌ಫೋನ್ ಹಾಕಿಕೊಳ್ಳುವುದೇ ವಾಸಿ.

ಮೂರು ಸಲ, ಒಂದು ವಾರ

ಮೊದಲ ಸಲ ಮೊದಲ ಹಾಡಿನಿಂದ ಕೊನೆಯವರೆಗೆ, ನಡುವೆ ನಿಲ್ಲಿಸದೆ. ಸಾಹಿತ್ಯ ತೆರೆಯಬೇಡಿ, ಫೋನ್‌ಗಳು ಪಕ್ಕದ ಕೋಣೆಯಲ್ಲಿರಲಿ. ಕಾಫಿ ಮುಂಚೆಯೇ ಕುಡಿದುಬಿಡಿ, ಲೋಟದ ಸದ್ದೂ ಬೇಡ. ಪ್ರತಿಯೊಬ್ಬರಿಗೂ ಒಂದು ಚೀಟಿ, ಒಂದು ಪೆನ್ಸಿಲ್. ಒಂದು ಹಾಡಿಗೆ ಒಂದು ಸಾಲು. "ಚೆನ್ನಾಗಿದೆ", "ಬೋರು" ಎರಡೂ ನಿಷಿದ್ಧ. ಏನು ಕೇಳಿತು, ಎಲ್ಲಿ ಕೇಳಿತು ಅದನ್ನು ಮಾತ್ರ ಬರೆಯಬೇಕು.

ಉದಾಹರಣೆಗೆ "ಬೋನೋ ದನಿ ಹೋಯ್ತು" ಅನ್ನುವುದು ಚೀಟಿಗೆ ಸಲ್ಲದು. "3ನೇ ಹಾಡು, ಎರಡು ನಿಮಿಷದ ಆಚೆ, ಮೇಲಕ್ಕೆ ಹೋಗಬೇಕಾದ ಕಡೆ ಕೆಳಗೇ ನಿಂತ" ಅಂತ ಬರೆದರೆ ಸಲ್ಲುತ್ತದೆ. ಅದನ್ನು ಎಲ್ಲರೂ ಮತ್ತೆ ಹಾಕಿ ನೋಡಬಹುದು. ಹಳೇ ಹಾಡನ್ನೇ ಹೊಸದಾಗಿ ಹಾಡಿದ್ದರೆ ಹಾರ್ಮೋನಿಯಂ ಹಿಡಿದು ಎರಡರ ಶ್ರುತಿ ಹುಡುಕಿ. ಎಷ್ಟು ಮನೆ ಇಳಿಸಿದ್ದಾರೆ ಅಂತ ಎಣಿಸಿ ಬರೆದುಕೊಂಡರೆ ವಾದಕ್ಕೆ ಜಾಗವೇ ಇಲ್ಲ. 1960ರಲ್ಲಿ ಹುಟ್ಟಿದ ಗಾಯಕ ಇಪ್ಪತ್ತೇಳರ ವಯಸ್ಸಿನ ಶ್ರುತಿಯಲ್ಲಿ ಹಾಡದಿದ್ದರೆ ಅದು ತಪ್ಪಲ್ಲ. ಇಳಿಸಿದ ಶ್ರುತಿಯಲ್ಲಿ ಹಾಡು ನಿಂತಿದೆಯೋ ಬಿದ್ದಿದೆಯೋ, ಕೇಳಬೇಕಾದ್ದು ಅಷ್ಟು.

ಎರಡನೆಯ ಸಲ ಎರಡು ದಿನ ಬಿಟ್ಟು, ಸಾಹಿತ್ಯ ಮುಂದಿಟ್ಟುಕೊಂಡು. ಮೂರನೆಯದು ವಾರದ ಕೊನೆಗೆ, ಒಬ್ಬೊಬ್ಬರೇ, ಇಯರ್‌ಫೋನಿನಲ್ಲಿ. ಚಿಕ್ಕಮಗಳೂರಿನಿಂದ ಬೇಲೂರು ದಾರಿಯಲ್ಲಿ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಇಡೀ ಆಲ್ಬಂ ಮುಗಿಯುತ್ತದೆ ನಿಜ, ಆದರೆ ಇಂಜಿನ್ನಿನ ಗುಡುಗು ಬೇಸನ್ನೂ ಕಿಕ್ ಡ್ರಮ್ಮನ್ನೂ ನುಂಗಿಬಿಡುತ್ತದೆ. ಬಸ್ಸಿನಲ್ಲಿ ಕೇಳಿ ಲ್ಯಾರಿ ಮಲ್ಲೆನ್‌ನ ಡ್ರಮ್ಮಿಗೆ ಶಕ್ತಿ ಇಲ್ಲ ಅನ್ನಬೇಡಿ.

ಹಳೆಯದರ ಪಕ್ಕ ಇಟ್ಟು ನೋಡುವುದು

"ಜಾಶುವಾ ಟ್ರೀ ಥರ ಇಲ್ಲ" ಅಂತ ತಂಡದ 1987ರ ಆಲ್ಬಮ್ಮಿನ ಮಾತು ಬಂದೇ ಬರುತ್ತದೆ. ಹೋಲಿಸಿ, ಆದರೆ ವಾಲ್ಯೂಮ್ ಸಮ ಮಾಡಿಕೊಂಡು. ಎರಡು ಹಾಡಲ್ಲಿ ಜೋರಾಗಿರುವುದೇ ಕಿವಿಗೆ ಒಳ್ಳೆಯದೆನಿಸುತ್ತದೆ, ಅದು ಕಿವಿಯ ಸ್ವಭಾವ. 1987ರ ಸಿಡಿಗಿಂತ ಈಗಿನ ಆಲ್ಬಂಗಳನ್ನು ಸಾಮಾನ್ಯವಾಗಿ ಜೋರಾಗಿಯೇ ಮಾಸ್ಟರ್ ಮಾಡಿರುತ್ತಾರೆ. ಫೋನಿಗೆ ಉಚಿತ ಸೌಂಡ್ ಮೀಟರ್ ಆ್ಯಪ್ ಹಾಕಿ, ಕೂರುವ ಜಾಗದಲ್ಲಿಟ್ಟು ಎರಡನ್ನೂ 75 ಡೆಸಿಬೆಲ್ ಆಸುಪಾಸಿಗೆ ತನ್ನಿ. ಒಂದು ಡೆಸಿಬೆಲ್‌ಗಿಂತ ಜಾಸ್ತಿ ವ್ಯತ್ಯಾಸ ಬೇಡ. ಆ್ಯಪಿನ ಅಂಕಿ ಪಕ್ಕಾ ಇರಬೇಕಿಲ್ಲ, ಎರಡಕ್ಕೂ ಒಂದೇ ಫೋನು ಇದ್ದರಾಯಿತು. ಆ್ಯಪಿನಲ್ಲಿ ಹಾಡುಗಳ ಜೋರು ಸಮ ಮಾಡುವ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿದರೆ ಈ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಇನ್ನು ಎಡ್ಜ್‌ನ ಗಿಟಾರು. "ಆ ಹಳೇ ಗಿಟಾರ್ ಎಲ್ಲಿ?" ಅನ್ನುವವರಿಗೆ ಬಹಳ ಸಲ ಬೇಕಿರುವುದು ಒಂದು ಡಿಲೇ ಪೆಡಲಿನ, ಅಂದರೆ ಮೀಟಿದ ಸ್ವರವನ್ನು ತುಸು ತಡವಾಗಿ ಮತ್ತೆ ನುಡಿಸುವ ಸಾಧನದ, ಲೆಕ್ಕ. ನಿಮಿಷಕ್ಕೆ 120 ತಾಳ ಇದ್ದರೆ ಒಂದು ತಾಳಕ್ಕೆ 500 ಮಿಲಿಸೆಕೆಂಡ್. ಅದರ ಮುಕ್ಕಾಲು, ಅಂದರೆ 375ಕ್ಕೆ, ಡಿಲೇ ಇಟ್ಟು ತಾಳಕ್ಕೆ ಎರಡರಂತೆ ಸ್ವರ ಮೀಟಿದರೆ, ಮೀಟಿದ ಸ್ವರಗಳ ನಡುವಿನ ಸಂದಿಯಲ್ಲಿ ಪ್ರತಿಧ್ವನಿ ಬಂದು ಕೂರುತ್ತದೆ. ಒಬ್ಬ ಮೀಟಿದ್ದು ಇಬ್ಬರು ಮೀಟಿದ ಹಾಗೆ ಓಡುತ್ತದೆ. ಜಾಶುವಾ ಟ್ರೀಯ ಮೊದಲ ಹಾಡಿನಲ್ಲಿ ಬೋನೋ ಬಾಯಿ ತೆರೆಯುವ ಮುಂಚೆ ಒಂದೂವರೆ ನಿಮಿಷಕ್ಕೂ ಮೀರಿ ಸಮಯವಿದೆ. ಆರ್ಗನ್ನಿನ ಹಿಂದಿನಿಂದ ಗಿಟಾರು ಏಳುವಾಗ ಬೆರಳಲ್ಲಿ ತಾಳ ಹಾಕಿ ಕೇಳಿ, ಸಿಗುತ್ತದೆ. ಆಮೇಲೆ ಹೊಸ ಆಲ್ಬಮ್ಮಿನಲ್ಲಿ ಹುಡುಕಿ. ಸಿಕ್ಕರೆ "ಹಳೇದನ್ನೇ ಮಾಡ್ತಿದಾರೆ" ಅನ್ನುವವರು, ಸಿಗದಿದ್ದರೆ "ಹಳೇದು ಎಲ್ಲಿ" ಅನ್ನುವವರು ಇದ್ದೇ ಇರುತ್ತಾರೆ. ಕೆಲವೊಮ್ಮೆ ಇಬ್ಬರೂ ಒಬ್ಬರೇ!

ದೂರುಗಳನ್ನು ಕೇರುವುದು

ಮೂರನೆಯ ಸಲ ಆದ ಮೇಲೆ ಚೀಟಿಗಳನ್ನೆಲ್ಲ ಜಮಖಾನದ ಮೇಲೆ ಹರಡಿ. ದೂರುಗಳಲ್ಲಿ ಆಲ್ಬಮ್ಮಿನ ಒಳಗಿನವು ಯಾವುವು, ಹೊರಗಿನವು ಯಾವುವು ಬೇರೆ ಮಾಡಿ.

ಹೊರಗಿನದಕ್ಕೆ 2014ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ಸೆಪ್ಟೆಂಬರಿನಲ್ಲಿ ಯೂಟೂದ ಸಾಂಗ್ಸ್ ಆಫ್ ಇನ್ನೊಸೆನ್ಸ್ ಆಲ್ಬಂ ಸುಮಾರು 50 ಕೋಟಿ ಐಟ್ಯೂನ್ಸ್ (ಆ್ಯಪಲ್‌ನ ಹಾಡಿನ ಅಂಗಡಿ) ಖಾತೆಗಳಿಗೆ ಕೇಳದೆಯೇ ಬಂದು ಕೂತಿತು. ಜನ ರೇಗಿದರು, ವಾರದೊಳಗೆ ಆ್ಯಪಲ್ ಅದನ್ನು ತೆಗೆದುಹಾಕುವ ದಾರಿ ಕೊಡಬೇಕಾಯಿತು, ಬೋನೋ ಕ್ಷಮೆ ಕೇಳಿದ. ಆ ಸಿಟ್ಟು ಹಾಡಿನ ಮೇಲಲ್ಲ, ಅಂಗಳಕ್ಕೆ ತಂದು ಸುರಿದ ರೀತಿಯ ಮೇಲೆ. 1997ರ "ಪಾಪ್" ಆಲ್ಬಂ, ಒಳಗಿನ ದೂರಿಗೆ ಉದಾಹರಣೆ. ಪ್ರವಾಸದ ದಿನಾಂಕ ಮೊದಲೇ ನಿಗದಿಯಾಗಿ, ಕೆಲಸ ಮುಗಿಯದೆಯೇ ಆಲ್ಬಂ ಹೊರಟಿತು. 2002ರ ಸಂಕಲನಕ್ಕೆ ಅದರ ಹಾಡುಗಳನ್ನು ತಂಡವೇ ಮತ್ತೆ ಮಿಕ್ಸ್ ಮಾಡಿತು. ಅಲ್ಲಿ ಕೇಳುಗರ ಕಿವಿ ಸುಳ್ಳು ಹೇಳಿರಲಿಲ್ಲ.

1991ರ ಆಖ್ತುಂಗ್ ಬೇಬಿ ಮೂರನೆಯ ಜಾತಿ: ಸದ್ದು ಬೇಕೆಂದೇ ಬದಲಾದದ್ದು. ಬರ್ಲಿನ್ನಿನ ಹನ್ಸಾ ಸ್ಟುಡಿಯೋದಲ್ಲಿ ಶುರುವಾದ ಆ ಆಲ್ಬಮ್ಮಿನಲ್ಲಿ ಗಿಟಾರು ಕೊರೆಯುತ್ತದೆ, ದನಿ ತಿರುಚಿಕೊಂಡಿದೆ. ಇಂಥ ಆಲ್ಬಮ್ಮಿಗೆ ಮೊದಲ ಸಲದ ಚೀಟಿಗೂ ಮೂರನೆಯ ಸಲದ್ದಕ್ಕೂ ಅಜಗಜಾಂತರ ಇರುತ್ತದೆ. 2023ರ ಸಾಂಗ್ಸ್ ಆಫ್ ಸರೆಂಡರ್ ವಿಷಯ ಬೇರೆ: 40 ಹಳೇ ಹಾಡುಗಳನ್ನು ವಾದ್ಯ ಇಳಿಸಿ ಮತ್ತೆ ಹಾಡಿದ್ದು. ಅದನ್ನು ಒಂದೇ ಸಲಕ್ಕೆ ಕೇಳಿಸಿದರೆ ಯಾವ ಅಭಿಮಾನಿಯೂ ತೂಕಡಿಸುತ್ತಾನೆ. ಹತ್ತು ಹತ್ತಾಗಿ ನಾಲ್ಕು ದಿನಕ್ಕೆ ಹಂಚಿ.

ಒಂದೇ ಜಾಗದ ಬಗ್ಗೆ ಮೂರು ಚೀಟಿಯಲ್ಲಿ ಒಂದೇ ದೂರು ಇದ್ದರೆ ಅದನ್ನು ನಂಬಬಹುದು. ಒಬ್ಬರದ್ದೇ ಚೀಟಿಯಲ್ಲಿ ಹತ್ತು ದೂರು ಇದ್ದರೆ ಅವರಿಗೆ ಆಲ್ಬಂ ಹಿಡಿಸಿಲ್ಲ ಅಷ್ಟೇ, ಒತ್ತಾಯ ಬೇಡ.

ಕೊನೆಗೆ ಇನ್ನೂ ಕೇಳದ ಗೆಳೆಯನಿಗೆ ಯಾವ ಹಾಡಿನಿಂದ ಶುರುಮಾಡಿ ಅನ್ನುವುದನ್ನು ಚೀಟಿಯಿಂದಲೇ ಆರಿಸಿ. ಎಂಬತ್ತರ ದಶಕದ ಕ್ಯಾಸೆಟ್ ಕಾಲದವರಿಗೆ ಗಿಟಾರಿನ ಡಿಲೇ ಎದ್ದು ಕೇಳುವ ಹಾಡು, 2019ರ ಡಿಸೆಂಬರಿನಲ್ಲಿ ಮುಂಬೈಗೆ ಹೋಗಿ ಯೂಟೂ ಕಾರ್ಯಕ್ರಮ ನೋಡಿಬಂದವರಿಗೆ ಜನ ಸೇರಿ ಹಾಡಬಹುದಾದದ್ದು, ಈಗಷ್ಟೇ ಕೇಳತೊಡಗಿದ ಹುಡುಗರಿಗೆ ನಿಮ್ಮ ಚೀಟಿಗಳಲ್ಲಿ ಅತಿ ಹೆಚ್ಚು ಜಗಳ ಎಬ್ಬಿಸಿದ ಹಾಡು.