ಪಂಪ್‌ಶೆಡ್ಡಿನಲ್ಲಿ ಓದುವ ಪುಟ

ನಾನು ಬೆಂಗಳೂರಿನಲ್ಲಿ ಟೆಕ್ನಿಕಲ್ ರೈಟರ್. ಹತ್ತು ವರ್ಷ ಸಾಫ್ಟ್‌ವೇರ್ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಬರೆದೆ. ಆಮೇಲೆ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ತಯಾರಿಸುವವರೊಬ್ಬರು ತಮ್ಮ 24 ಪುಟದ ಮ್ಯಾನ್ಯುವಲ್ಲನ್ನು ಕನ್ನಡಕ್ಕೆ ತರಬೇಕು ಅಂದರು. ಟೆಂಪ್ಲೇಟ್ ರೆಡಿ ಇತ್ತು. ಇಂಗ್ಲಿಷ್ ತೆಗೆದು ಕನ್ನಡ ತುಂಬಿದರೆ ಮುಗಿಯಿತು ಅಂತ ಅವರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಮೊದಲ ಪ್ರಿಂಟ್ ತೆಗೆದಾಗ ಟೇಬಲ್ಲುಗಳಲ್ಲಿ ಒತ್ತಕ್ಷರಗಳೇ ಇಲ್ಲ! ಕಾರಣ ಸಣ್ಣದು. ವರ್ಡ್‌ನಲ್ಲಿ ಸಾಲಿನ ಅಂತರ, ಟೇಬಲ್ ಸಾಲಿನ ಎತ್ತರ ಎರಡನ್ನೂ ‘ಎಕ್ಸಾಕ್ಟ್ಲಿ’ ಅಂತ ಬಿಗಿ ಮಾಡಿದ್ದರು. ಇಂಗ್ಲಿಷಿಗೆ ಅದು ಸಾಕು. ನಮ್ಮ ಅಕ್ಷರ ಮೇಲೂ ಕೆಳಗೂ ಜಾಗ ಕೇಳುತ್ತದೆ: ಮೇಲೆ ಗುಡಿಸು, ಕೆಳಗೆ ಒತ್ತು. ಒತ್ತು ಕಟ್ ಆದರೆ ಕತ್ತೆ ಹೋಗಿ ಕತೆ ಆಗುತ್ತದೆ. ‘ಎಕ್ಸಾಕ್ಟ್ಲಿ’ ತೆಗೆದು ‘ಅಟ್ ಲೀಸ್ಟ್’ ಹಾಕಿದೆ, ಒತ್ತುಗಳು ವಾಪಸ್ ಬಂದವು. ಇನ್ನೊಂದು ಕಾಟವೂ ಇತ್ತು. ನಾನು ಫಾಂಟ್ ಬದಲಿಸುತ್ತೇನೆ, ಇಂಗ್ಲಿಷ್ ಬದಲಾಗುತ್ತದೆ, ಕನ್ನಡ ಹಾಗೇ ಕೂತಿರುತ್ತದೆ. ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಅಂತ ಬೇರೆಯಾಗಿ ಲೆಕ್ಕ ಇಡುತ್ತದೆ. ಸ್ಟೈಲ್ ಒಳಗೆ ಹೋಗಿ ಅದಕ್ಕೇ ಬೇರೆ ಫಾಂಟ್, ಬೇರೆ ಸೈಜ್ ಕೊಡಬೇಕು. ಇದು ಗೊತ್ತಾಗುವ ಹೊತ್ತಿಗೆ ಒಂದು ದಿನ ಹೋಗಿತ್ತು.

ಬೋಲ್ಡ್ ಅಕ್ಷರದ ವಿಷಯ ಇನ್ನೂ ಸೂಕ್ಷ್ಮ. ಇಂಗ್ಲಿಷ್ ಮ್ಯಾನ್ಯುವಲ್ಲಿನಲ್ಲಿ ಬಟನ್ ಹೆಸರೆಲ್ಲ ಬೋಲ್ಡ್, ಟಿಪ್ಪಣಿಯೆಲ್ಲ ಇಟಾಲಿಕ್, ಶೀರ್ಷಿಕೆಯೆಲ್ಲ ದೊಡ್ಡಕ್ಷರ, ಅಂದರೆ ಕ್ಯಾಪಿಟಲ್. ಕನ್ನಡದಲ್ಲಿ ದೊಡ್ಡಕ್ಷರ ಅಂತ ಒಂದಿಲ್ಲ. ಇಟಾಲಿಕ್ ಹಾಕಿದರೆ ದುಂಡಗಿನ ಅಕ್ಷರಗಳು ಗಾಳಿಗೆ ವಾಲಿದ ಹಾಗೆ ಕಾಣುತ್ತವೆ. ಉಳಿದದ್ದು ಬೋಲ್ಡ್ ಒಂದೇ. ಅದನ್ನು 9 ಪಾಯಿಂಟಿನಲ್ಲಿ ಹಾಕಿ ಒಂದು ಸಲ ಜೆರಾಕ್ಸ್ ಮಾಡಿ ನೋಡಿ. ಮೇಷ್ಟ್ರು ‘ಹೊಟ್ಟೆ ಸೀಳು ಧ’ ಅಂತ ಹೇಳಿಕೊಟ್ಟಿದ್ದರಲ್ವಾ, ಆ ಸೀಳು ಮುಚ್ಚಿಹೋಗಿ ದ ಆಗಿರುತ್ತದೆ. ಡೀಲರುಗಳು ಕೊಡುವುದು ಜೆರಾಕ್ಸ್ ಪ್ರತಿಯನ್ನೇ. ಹಾಗಾಗಿ ಒಳಗಿನ ಬರಹವನ್ನೆಲ್ಲ 12 ಪಾಯಿಂಟಿಗೆ ಏರಿಸಿ, ಬೋಲ್ಡನ್ನು ಶೀರ್ಷಿಕೆಗೆ ಮಾತ್ರ ಇಟ್ಟುಕೊಂಡೆ.

ಇಷ್ಟೆಲ್ಲ ಸರಿಮಾಡಿ, ಚೆನ್ನಾಗಿ ಬಂತು ಅಂದುಕೊಂಡು, ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ಪ್ರತಿ ತಗೊಂಡು ಹೋದೆ. ನಮ್ಮದು ತುಮಕೂರು ಕಡೆ. ಚಿಕ್ಕಪ್ಪನ ತೋಟದಲ್ಲಿ ಅದೇ ಸ್ಟಾರ್ಟರ್ ಇತ್ತು. ಆ ವಾರ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ. ಇಬ್ಬರೂ ಪಂಪ್‌ಶೆಡ್ಡಿಗೆ ಹೋದೆವು. ಚಿಕ್ಕಪ್ಪ ಒಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಪುಸ್ತಕ ಬಿಡಿಸಿದರು. ಮಿರಮಿರ ಮಿಂಚುವ ಆರ್ಟ್ ಪೇಪರ್. ಟಾರ್ಚ್ ಬೆಳಕು ನೇರ ಕಣ್ಣಿಗೆ ಹೊಡೆಯಿತು. ಸೊಗಸಾಗಿರಲಿ ಅಂತ ನಾನು ತಿಳಿಬೂದು ಬಣ್ಣದಲ್ಲಿ ಹಾಕಿದ್ದ ಟಿಪ್ಪಣಿಗಳು ಕಾಣಲೇ ಇಲ್ಲ.

ಪುಸ್ತಕ ಓರೆ ಮಾಡಿಕೊಂಡು ಓದತೊಡಗಿದರು. ನಾಲ್ಕನೇ ಹಂತ: ‘ಮುಚ್ಚಳ ತೆಗೆಯಿರಿ.’ ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟರು. ನಾನು ಕೂಗಿ ನಿಲ್ಲಿಸಿದೆ. ಅದರ ಕೆಳಗೆ ಕೆಂಪು ಚೌಕದಲ್ಲಿ ‘ಮುಚ್ಚಳ ತೆಗೆಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ’ ಅಂತ ಇತ್ತು.

“ಅಲ್ಲಮ್ಮ, ತೆಗಿ ಅಂತ ಹೇಳಿ ಆಮೇಲೆ ಆಫ್ ಮಾಡು ಅಂತೀಯಲ್ಲ?”

ಇಂಗ್ಲಿಷಿನಲ್ಲೂ ಅದು ಅಲ್ಲೇ ಇತ್ತು. ನಾನೂ ಸುಮ್ನೆ ಅದನ್ನೇ ಇಳಿಸಿದ್ದೆ. ಆ ಪುಸ್ತಕದಲ್ಲಿ ಒಟ್ಟು ಹನ್ನೊಂದು ಕೆಂಪು ಚೌಕಗಳು. ‘ಬಟ್ಟೆಯಿಂದ ಧೂಳು ಒರೆಸಿ’ ಅನ್ನುವುದಕ್ಕೂ ಒಂದು. ಎಲ್ಲ ಕಡೆ ಕೂಗಿದರೆ ಯಾರು ಕೇಳುತ್ತಾರೆ?

ಬಣ್ಣದಲ್ಲಿ ಇನ್ನೊಂದು ಎಡವಟ್ಟು ಆಗಿತ್ತು. ಎಚ್ಚರಿಕೆಯ ಗುರುತುಗಳಿಗೆ ಅಮೆರಿಕದಲ್ಲಿರುವ ಆನ್ಸಿ ಜ಼ಡ್535 ನಿಯಮದಂತೆ ತೀರಾ ಅಪಾಯಕ್ಕೆ ಕೆಂಪು, ಅದಕ್ಕಿಂತ ಕಡಿಮೆಗೆ ಕಿತ್ತಳೆ, ಹುಷಾರಾಗಿರಿ ಅನ್ನುವುದಕ್ಕೆ ಹಳದಿ. ಟೆಂಪ್ಲೇಟ್ ಅದನ್ನೇ ಅನುಸರಿಸಿತ್ತು. ಮಾಹಿತಿಗೆ ನೀಲಿ. ಚಿಕ್ಕಪ್ಪ ಹಳದಿ ಚೌಕ ನೋಡಿ, “ಇದು ವೈ ಫೇಸ್ ವಿಷಯನಾ?” ಅಂದರು. ನಾನು ತಲೆ ಎತ್ತಿ ನೋಡಿದೆ. ಪ್ಯಾನೆಲ್ ಮೇಲೆ ಸಾಲಾಗಿ ಮೂರು ದೀಪ: ಕೆಂಪು, ಹಳದಿ, ನೀಲಿ. ಆರ್, ವೈ, ಬಿ. ಮೂರು ಫೇಸಿಗೆ ಮೂರು ಬಣ್ಣ. ಒಳಗಿನ ವೈರಿಗೂ ಅದೇ ಬಣ್ಣ. ಅವರಿಗೆ ಆ ಬಣ್ಣಗಳಿಗೆ ಅದಾಗಲೇ ಅರ್ಥ ಇತ್ತು. ನಾನು ಅದರ ಮೇಲೆ ಬೇರೆ ಅರ್ಥ ಹೇರಲು ಹೋಗಿದ್ದೆ.

ವಾಪಸ್ ಬಂದು ಪುಟವನ್ನು ಮೊದಲಿನಿಂದ ಕಟ್ಟಿದೆ. ಬಣ್ಣ ಅಂದರೆ ಪ್ಯಾನೆಲ್ ಮೇಲಿರುವ ಬಣ್ಣ ಮಾತ್ರ, ಜೊತೆಗೆ ಅಕ್ಷರದಲ್ಲೂ ‘ಹಸಿರು ಬಟನ್’, ‘ಕೆಂಪು ಬಟನ್’. ಜೆರಾಕ್ಸ್ ಆದರೂ ಅರ್ಥ ಉಳಿಯಲಿ ಅಂತ. ಅಪಾಯದ ಚೌಕ ಎರಡೇ, ದಪ್ಪ ಕಪ್ಪು ಗೆರೆಯಲ್ಲಿ, ಹಂತಕ್ಕಿಂತ ಮೊದಲು. ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಇರುವ ತಲೆಬುರುಡೆಯ ಗುರುತನ್ನೇ ಹಾಕಿದೆ. ಅದು ಎಲ್ಲರಿಗೂ ಗೊತ್ತು. ಪೇಪರ್ ಮಿಂಚದ್ದು.

ಜಾಸ್ತಿ ಹೊತ್ತು ಹಿಡಿದದ್ದು ರಿಪೇರಿ ಟೇಬಲ್. ತೊಂದರೆ, ಕಾರಣ, ಪರಿಹಾರ ಅಂತ ಮೂರು ಕಾಲಮ್. ಕನ್ನಡದ ಪದ ಉದ್ದ. ‘ಪರಿಶೀಲಿಸಿಕೊಳ್ಳಬೇಕಾಗುತ್ತದೆ’ ಅನ್ನುವುದೊಂದೇ ಕಾಲಮ್ ತುಂಬಿಬಿಡುತ್ತಿತ್ತು. ಎರಡೂ ಅಂಚು ಸಮ ಮಾಡಿದ್ದರಿಂದ ಪದಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ. ಎಡಕ್ಕೆ ಸಾಲು ಹಿಡಿಸಿ, ಬಲ ಅಂಚನ್ನು ಹಾಗೇ ಬಿಟ್ಟೆ. ಟೇಬಲ್ಲನ್ನೇ ಒಡೆದೆ. ತೊಂದರೆ ಶೀರ್ಷಿಕೆಯಾಯಿತು, ಕೆಳಗೆ ಮಾಡಬೇಕಾದ್ದು. ಶೀರ್ಷಿಕೆಯನ್ನು ಚಿಕ್ಕಪ್ಪ ಫೋನಿನಲ್ಲಿ ಮೆಕ್ಯಾನಿಕ್‌ಗೆ ಹೇಳುವ ಹಾಗೇ ಬರೆದೆ:

ಮೋಟಾರ್ ಗುಂಯ್ ಅನ್ನುತ್ತೆ, ತಿರುಗಲ್ಲ
ತಕ್ಷಣ ಕೆಂಪು ಬಟನ್ ಒತ್ತಿ. ಮೂರೂ ದೀಪ ಉರಿಯುತ್ತಿವೆಯಾ ನೋಡಿ. ಒಂದು ಉರಿಯದಿದ್ದರೆ ಒಂದು ಫೇಸ್ ಬರುತ್ತಿಲ್ಲ. ಮತ್ತೆ ಸ್ಟಾರ್ಟ್ ಮಾಡಬೇಡಿ, ವೈಂಡಿಂಗ್ ಸುಡುತ್ತದೆ.

ಹಳೇ ಟೇಬಲ್ಲಿನಲ್ಲಿ ಇದು 18ನೇ ಪುಟದಲ್ಲಿ, ‘ಏಕ ಹಂತ ವೈಫಲ್ಯ’ ಅನ್ನುವ ಹೆಸರಿನಲ್ಲಿ ಕೂತಿತ್ತು. ಆ ಅನುವಾದ ನನ್ನದೇ.

ಇಂಥ ಐದು ತೊಂದರೆ ಒಂದೇ ಪುಟಕ್ಕೆ ಬಂದವು. ಪುಟದ ಕೆಳಗೆ ಎರಡು ಬೆರಳಷ್ಟು ಖಾಲಿ ಬಿಟ್ಟಿದ್ದೆ. ಜಾಗ ದಂಡ ಅಂತ ಕಂಪನಿಯವರು ಗೊಣಗಿದರು. ಇರಲಿ ಬಿಡಿ ಅಂದೆ.

ಮುಂದಿನ ಸಲ ಹೋದಾಗ ಪುಸ್ತಕ ಎಲ್ಲೂ ಕಾಣಲಿಲ್ಲ. ಆ ಒಂದು ಹಾಳೆ ಮಾತ್ರ ಹರಿದುಕೊಂಡು ಬಂದು ಸ್ಟಾರ್ಟರ್ ಪಕ್ಕದ ಗೋಡೆಗೆ ಅಂಟಿತ್ತು. ಖಾಲಿ ಜಾಗದಲ್ಲಿ ಪೆನ್ನಿನಿಂದ ಮೆಕ್ಯಾನಿಕ್ ನಂಬರ್, ಅದರ ಪಕ್ಕ ಲೈನ್‌ಮ್ಯಾನ್ ನಂಬರ್. ಎರಡನೇ ಮುದ್ರಣದಲ್ಲಿ ಆ ಹಾಳೆಯನ್ನು ಬಿಡಿಯಾಗಿ ಕೊಟ್ಟೆವು. ಕೆಳಗೆ ಎರಡು ಗೆರೆ ಎಳೆದು ‘ಮೆಕ್ಯಾನಿಕ್’, ‘ಲೈನ್‌ಮ್ಯಾನ್’ ಅಂತ ಅಚ್ಚು ಹಾಕಿಸಿದೆ.