ಗೊಬ್ಬರದ ಗುಂಡಿಯಲ್ಲಿ ಸಿಕ್ಕಿದ ಕವರು

ಕಳೆದ ದೀಪಾವಳಿಗೆ ಗೊಬ್ಬರದ ಗುಂಡಿಗೆ ಹಾಕಿದ್ದ ಚಿಪ್ಸ್ ಕವರು ಈ ಸೋಣ ತಿಂಗಳಲ್ಲಿ ಕೈಗೆ ಸಿಕ್ಕಿತು. ಬಾಳೆದಿಂಡು, ಸೊಪ್ಪು, ಸೆಗಣಿ ಎಲ್ಲ ಕಪ್ಪು ಮಣ್ಣಾಗಿದೆ. ಕವರು ಮಾತ್ರ ಹಾಗೇ ಇದೆ. ತೊಳೆದು ನೋಡಿದರೆ ಮೇಲಿನ ಹಸಿರು ಎಲೆಯ ಚಿತ್ರವೂ ಮಾಸಿಲ್ಲ. ಕೊಳೆಯುತ್ತದೆ ಅಂತ ನಂಬಿ, ಮಾಮೂಲಿ ಕವರಿನ ಮೂರು ಪಟ್ಟು ದುಡ್ಡು ಕೊಟ್ಟು ತರಿಸಿದ್ದೆ!

ನಾನು ಉಡುಪಿ ಕಡೆಯ ಕಟಪಾಡಿ ಹತ್ತಿರ ಮನೆಯಲ್ಲೇ ನೇಂದ್ರ ಬಾಳೆಕಾಯಿ ಚಿಪ್ಸ್ ಕರಿದು ಮಾರುತ್ತೇನೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಸ್ಟ್ರಾ ಎಲ್ಲ ನಿಂತವಲ್ಲ, ಆ ಪಟ್ಟಿಯಲ್ಲಿ ಚಿಪ್ಸ್ ಕವರು ಇರಲಿಲ್ಲ. ಆದರೂ ಮನಸ್ಸಿಗೆ ಕಿರಿಕಿರಿ. ಅದಕ್ಕೇ ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಕವರಿಗೆ ಹೋದೆ.

ಅದು ಕೊಳೆಯಬೇಕಾದರೆ 58 ಡಿಗ್ರಿ ಸುತ್ತಮುತ್ತ ಬಿಸಿ ವಾರಗಟ್ಟಲೆ ಬೇಕಂತೆ. ದೊಡ್ಡ ಘಟಕಗಳಲ್ಲಿ ಅದು ಸಿಗುತ್ತದೆ. ನನ್ನ ಗುಂಡಿಗೆ ಕೈ ಇಟ್ಟರೆ ಸ್ವಲ್ಪ ಬೆಚ್ಚಗೆ, ಅಷ್ಟೇ.

ಅದಕ್ಕಿಂತ ಜಾಸ್ತಿ ಹೊಡೆತ ಬಿದ್ದದ್ದು ಆಟಿ ತಿಂಗಳ ಮಳೆಯಲ್ಲಿ. ಪಿಎಲ್‌ಎ ತೇವವನ್ನು ಮಾಮೂಲಿ ಪ್ಲಾಸ್ಟಿಕ್ಕಿನ ಪಿಪಿ (ಪಾಲಿಪ್ರೊಪಿಲೀನ್) ಕವರಿನಷ್ಟು ತಡೆಯುವುದಿಲ್ಲ. ನಮ್ಮ ಮಳೆಯೋ, ಕಪಾಟಿನೊಳಗಿನ ಉಪ್ಪೂ ನೀರೊಡೆಯುತ್ತದೆ. ಹತ್ತನೇ ದಿನ ಒಂದು ಪ್ಯಾಕೆಟ್ ಒಡೆದು ತಿಂದೆ. ಕರುಂ ಅನ್ನುವ ಸದ್ದೇ ಇಲ್ಲ, ಚರ್ಮ ಜಗಿದ ಹಾಗೆ. ನಲ್ವತ್ತು ಪ್ಯಾಕೆಟ್ ವಾಪಸ್ ಬಂದವು. ಆ ಕಾಯಿ, ಆ ತೆಂಗಿನೆಣ್ಣೆ, ಸುಟ್ಟ ಸೌದೆ, ಎಲ್ಲ ದನದ ಬಾನಿಗೆ. ಕವರಿನಲ್ಲಿ ಉಳಿಸಿದ ಪ್ಲಾಸ್ಟಿಕ್ ಇದರ ಮುಂದೆ ಎಷ್ಟು ಅಂತ ಲೆಕ್ಕ ಹಾಕಿ, ಸುಮ್ನೆ ಕೂತೆ.

ಪಕ್ಕದ ಮನೆಯ ಅಕ್ಕ ಶಂಕರಪುರ ಮಲ್ಲಿಗೆ ಬೆಳೆಯುವವರು. ಬಾಳೆನಾರಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾರೆ. "ನಿಂಗೆ ಎಂತಕ್ಕೆ ಮಾರಾಯ್ತಿ ಆ ಕವರು? ಬಾಳೆಲೆ ಉಂಟಲ್ಲ!" ಅಂದರು. ಮಲ್ಲಿಗೆಗೆ ಎಲೆಯ ತಂಪೇ ಬೇಕು, ಚಿಪ್ಸಿಗೆ ಅದೇ ವೈರಿ. ಇದನ್ನು ಅವರಿಗೆ ಹೇಳುತ್ತಾ ಹೇಳುತ್ತಾ ನನಗೇ ದಾರಿ ಕಂಡಿತು. ದೂರದ ಊರಿಗೂ ಊರೊಳಗಿನವರಿಗೂ ಒಂದೇ ಕವರು ಯಾಕೆ?

ಈಗ ಅಂಚೆಗೆ ಹೋಗುವ ಚಿಪ್ಸಿಗೆ ಒಂದೇ ಪದರದ ದಪ್ಪ ಪಿಪಿ ಕವರು. ಒಳಗೆ ಬೆಳ್ಳಿ ಬಣ್ಣ ಹೊಳೆಯುವ ಕವರಲ್ಲಿ ಇನ್ನೂ ಜಾಸ್ತಿ ದಿನ ಉಳಿಯುತ್ತದೆ ನಿಜ. ಆದರೆ ಬೇರೆ ಬೇರೆ ಪದರ ಅಂಟಿಸಿದ್ದು ಅದು, ಬಿಡಿಸಲು ಆಗುವುದಿಲ್ಲ, ನಮ್ಮ ಗುಜರಿಯವ ಮುಟ್ಟುವುದೂ ಇಲ್ಲ. ಹಾಗಾಗಿ ಮೂರು ವಾರದೊಳಗೆ ತಿನ್ನಿ ಅಂತ ಬರೆದೇ ಕಳಿಸುತ್ತೇನೆ. ಹೊರಗೆ ರಟ್ಟಿನ ಡಬ್ಬ, ಕಾಗದದ ಟೇಪು, ಸಂದಿಗೆ ಬೈಹುಲ್ಲು ಇಲ್ಲವೇ ಹಳೇ ಪೇಪರು. ಪೇಪರಿನ ಶಾಯಿ ತಿಂಡಿಗೆ ತಾಗಬಾರದು, ಹಾಗಾಗಿ ಅದು ಹೊರಗೆ ಮಾತ್ರ.

ಊರೊಳಗೆ ಸ್ಟೀಲ್ ಡಬ್ಬ. ಐವತ್ತು ರೂಪಾಯಿ ಠೇವಣಿ, ಡಬ್ಬ ತಂದರೆ ವಾಪಸ್. ಮೊದಲು ಇಪ್ಪತ್ತು ಡಬ್ಬ ತಂದೆ, ಆರು ಕಾಣೆಯಾದವು. ಉಳಿದವು ಬರುತ್ತಿವೆ, ಆದರೆ ಖಾಲಿ ಪಾತ್ರೆ ಕೊಡಬಾರದು ಅಂತ ನಮ್ಮ ಕಡೆ ಇದೆಯಲ್ವಾ? ಮೊನ್ನೆ ಒಂದರಲ್ಲಿ ಮಿಡಿ ಉಪ್ಪಿನಕಾಯಿ ಬಂತು. ಡಬ್ಬದ ಖಾರದ ವಾಸನೆ ಹೋಗಿಸಲು ಎರಡು ದಿನ ಬಿಸಿಲಿಗೆ ಇಟ್ಟೆ.